ಕಾರ್ಬನ್ ಸೈಕಲ್: ಸೀಟ್‌ಪೋಸ್ಟ್ ಇಳಿಯುತ್ತಲೇ ಇದೆ, ಎಷ್ಟು ಬಿಗಿದರೂ ನಿಲ್ಲುತ್ತಿಲ್ಲ

ಬೆಟ್ಟದ ದಾರಿ

ಎಲ್ಲರಿಗೂ ನಮಸ್ಕಾರ. ಎರಡು ತಿಂಗಳಿಂದ ಒಂದು ಸಮಸ್ಯೆ ತಲೆ ತಿನ್ನುತ್ತಿದೆ.

ನನ್ನದು ಸೆಕೆಂಡ್ ಹ್ಯಾಂಡ್ ಕಾರ್ಬನ್ ರೋಡ್ ಬೈಕ್. ಫ್ರೇಮೂ ಕಾರ್ಬನ್, ಸೀಟ್‌ಪೋಸ್ಟೂ (ಸೀಟು ಹೊರುವ ಕಂಬ) ಕಾರ್ಬನ್. ದುಂಡನೆಯ ಪೋಸ್ಟ್, 27.2 (ಮಿ.ಮೀ. ವ್ಯಾಸ) ಅಂತ ಅದರ ಮೇಲೇ ಬರೆದಿದೆ. ಪೋಸ್ಟ್ ಇಳಿಯುವ ಫ್ರೇಮಿನ ಟ್ಯೂಬನ್ನು ಹೊರಗಿನಿಂದ ಸುತ್ತಿ ಬಿಗಿಹಿಡಿಯುವ ಒಂದೇ ಬೋಲ್ಟಿನ ಕೆಂಪು ಕ್ಲಾಂಪ್. ಮೊದಲ ವಾರ ಏನೂ ಗೊತ್ತಾಗಲಿಲ್ಲ. ಆಮೇಲೆ ಬಲ ಮಂಡಿಯ ಮುಂಭಾಗದಲ್ಲಿ ನೋವು ಶುರುವಾಯಿತು. ವಯಸ್ಸಾಯ್ತು ಅಂದುಕೊಂಡು ಎಣ್ಣೆ ತಿಕ್ಕಿಕೊಂಡೆ, ಹತ್ತು ದಿನ ಸೈಕಲ್ ಮುಟ್ಟಲಿಲ್ಲ. ನೋವು ಹೋಯಿತು. ಮತ್ತೆ ಹತ್ತಿದೆ, ಮತ್ತೆ ಬಂತು. ಒಂದು ಭಾನುವಾರ ಮೈಸೂರಿಂದ ನಂಜನಗೂಡಿಗೆ ಹೋಗಿ ಬಂದು ಸೈಕಲನ್ನು ಗೋಡೆಗೆ ಒರಗಿಸುತ್ತಿದ್ದೆ. ನನ್ನ ಹೆಂಡತಿ ನೋಡಿ, "ಏನ್ರೀ, ಸೀಟು ಕುಳ್ಳಗಾಗಿದೆಯಲ್ಲ?" ಅಂದಳು. ಟೇಪು ಹಿಡಿದು ಅಳೆದರೆ 72.5 ಸೆಂ.ಮೀ. ಇರಬೇಕಾದ್ದು 71.4 ಇದೆ!

ಆಮೇಲೆ ಪೋಸ್ಟಿಗೆ ಕ್ಲಾಂಪಿನ ಮೇಲಂಚಿಗೆ ಸರಿಯಾಗಿ ಕಪ್ಪು ಟೇಪು ಸುತ್ತಿ ಗುರುತು ಮಾಡಿಕೊಂಡೆ. ಪ್ರತಿ ರೋಡ್ ಹಂಪ್ ದಾಟಿದಾಗಲೂ ಒಂದು ಚೂರು ಇಳಿಯುತ್ತದೆ. ನಮ್ಮ ರಸ್ತೆಯಲ್ಲಿ ಹಂಪಿಗೇನು ಬರವಾ? 50 ಕಿ.ಮೀ. ಸವಾರಿ ಮುಗಿಯುವಷ್ಟರಲ್ಲಿ ಟೇಪು ಕ್ಲಾಂಪಿನ ಮೇಲೆ ಮುದುರಿಕೊಂಡು ಕೂತಿರುತ್ತದೆ.

ಬೋಲ್ಟ್ ಚೆನ್ನಾಗಿ ಬಿಗಿದೆ. ಇನ್ನೂ ಬಿಗಿದೆ. ಕ್ಲಾಂಪಿನ ಮೇಲೆ ಮ್ಯಾಕ್ಸ್ 5 ಎನ್‌ಎಂ (ನ್ಯೂಟನ್ ಮೀಟರ್, ಬಿಗಿತದ ಅಳತೆ) ಅಂತ ಇದೆ. ನನ್ನ ಹತ್ತಿರ ಆ ಬಿಗಿತ ಅಳೆಯುವ ಟಾರ್ಕ್ ರೆಂಚ್ ಇಲ್ಲ, ಕೈ ಅಂದಾಜು. 5 ದಾಟಿರುವುದಂತೂ ಖಂಡಿತ. ಒಂದು ಅಂಗಡಿಗೂ ಒಯ್ದೆ, ಅವರು ಬಿಚ್ಚಿ ಏನೋ ಹಚ್ಚಿ ಬಿಗಿದು ಕೊಟ್ಟರು, ಅದಾದ ಮೇಲೆ ಇನ್ನೂ ಜಾಸ್ತಿ ಇಳಿಯುತ್ತಿದೆ. ನನ್ನ ತೂಕ 86 ಕೆ.ಜಿ. ತೂಕದ್ದೇ ತೊಂದರೆಯಾ? ಪೋಸ್ಟ್ ಬದಲಿಸಬೇಕಾ? ಅಥವಾ ಫ್ರೇಮೇ ಸವೆದಿದೆಯಾ?

ಬಿಗಿ ಬೋಲ್ಟ್

ಇಷ್ಟಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ ಸಾರ್. ಉದ್ದ ಹಿಡಿಯ ಅಲೆನ್ ಕೀ ತಗೊಂಡು ಒಂದು ಸುತ್ತು ಜಾಸ್ತಿ ಹಾಕಿ. ನಂದೂ ಕಾರ್ಬನ್ನೇ. ಮೂರು ವರ್ಷದಿಂದ ಹೀಗೇ ಬಿಗಿದಿದ್ದೀನಿ, ಏನೂ ಆಗಿಲ್ಲ. 5 ಎನ್‌ಎಂ ಅಂತ ಬರೆಯೋದು ಕಂಪನಿಯವರು ಜವಾಬ್ದಾರಿ ತಪ್ಪಿಸಿಕೊಳ್ಳೋಕೆ.

ಹಳೇ ಸ್ಪ್ಯಾನರ್

ದಯವಿಟ್ಟು ಮೇಲಿನದನ್ನು ಮಾಡಬೇಡಿ. ಕೋಪದಿಂದ ಹೇಳುತ್ತಿಲ್ಲ, ಬಿಗಿ ಬೋಲ್ಟ್ ಅವರೇ, ಆದರೆ ಹೀಗೆ ಬಿಗಿದು ಒಡೆದ ಫ್ರೇಮ್ ಕೈಯಲ್ಲಿ ಹಿಡಿದುಕೊಂಡು ಬಂದವರನ್ನು ನಾನು ನೋಡಿದ್ದೇನೆ. ಅಲ್ಯೂಮಿನಿಯಂ ಆದರೆ ಜಾಸ್ತಿ ಬಿಗಿದಾಗ ಸ್ವಲ್ಪ ಬಾಗುತ್ತದೆ, ಕಣ್ಣಿಗೆ ಕಾಣುತ್ತದೆ. ಕಾರ್ಬನ್ ಬಾಗಿ ತೋರಿಸುವುದಿಲ್ಲ. ಸುಮ್ನೆ ಇರುತ್ತದೆ, ಸುಮ್ನೆ ಇರುತ್ತದೆ, ಒಂದು ದಿನ "ಟಿಕ್" ಅನ್ನುತ್ತದೆ. ಆ ಟಿಕ್‌ಗೆ ರಿಪೇರಿ ಸುಲಭ ಅಲ್ಲ.

ಬೆಟ್ಟದ ದಾರಿ, ತೂಕ ಕಾರಣ ಅಲ್ಲ. 100 ಕೆ.ಜಿ.ಯವರೂ ಕಾರ್ಬನ್ ಪೋಸ್ಟ್ ಮೇಲೆ ಕೂತು ಓಡಿಸುತ್ತಾರೆ. ನೀವು ಬರೆದದ್ದರಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಒಂದೇ ಮಾತು: "ಏನೋ ಹಚ್ಚಿ". ಆ "ಏನೋ" ಗ್ರೀಸ್ ಆಗಿದ್ದರೆ ಅರ್ಧ ಕಥೆ ಅಲ್ಲೇ ಇದೆ. ಸ್ಟೀಲ್ ಫ್ರೇಮಿನ ಕಾಲದಿಂದ ಬಂದ ಅಭ್ಯಾಸ ಅದು. ಲೋಹದ ಪೋಸ್ಟ್ ಲೋಹದ ಫ್ರೇಮಿಗೆ ಕಚ್ಚಿಕೊಳ್ಳಬಾರದು ಅಂತ ಗ್ರೀಸ್ ಹಚ್ಚುತ್ತಿದ್ದರು, ಅದು ಸರಿ. ಕಾರ್ಬನ್ನಿಗೆ ಹಚ್ಚಿದರೆ ಜಾರುಬಂಡೆಗೆ ಎಣ್ಣೆ ಸುರಿದ ಹಾಗೆ.

ಹೀಗೆ ಮಾಡಿ. ಮೊದಲು ಟೇಪಿನ ಗುರುತು ಹಾಗೇ ಇರಲಿ, ಎತ್ತರ ಬರೆದಿಟ್ಟುಕೊಳ್ಳಿ. ಪೋಸ್ಟ್ ಪೂರ್ತಿ ಹೊರಗೆ ತೆಗೆಯಿರಿ. ಸೈಕಲನ್ನು ತಲೆಕೆಳಗು ಮಾಡಿ ನಿಲ್ಲಿಸಿ, ಇಲ್ಲಾಂದ್ರೆ ನೀವು ಒಳಗೆ ಹಾಕುವ ದ್ರವವೆಲ್ಲ ಇಳಿದು ಪೆಡಲ್ ಹತ್ತಿರದ ಬೇರಿಂಗಿಗೆ ಹೋಗಿ ಅಲ್ಲಿನ ಗ್ರೀಸ್ ತೊಳೆದುಬಿಡುತ್ತದೆ. ಹಳೇ ಬನಿಯನ್ ತುಂಡನ್ನು ಒಂದು ಕೋಲಿಗೆ ಸುತ್ತಿ, ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒದ್ದೆ ಮಾಡಿ ಟ್ಯೂಬಿನ ಒಳಗೆ ಉಜ್ಜಿ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುತ್ತದೆ. ಪೆಟ್ರೋಲ್, ಸೀಮೆಎಣ್ಣೆ ಬೇಡ, ಅವು ಒಂದು ಪದರ ಬಿಟ್ಟೇ ಹೋಗುತ್ತವೆ. ಬಟ್ಟೆ ಬಿಳಿಯಾಗಿ ಹೊರಬರುವವರೆಗೂ ಬಿಡಬೇಡಿ. ಪೋಸ್ಟಿಗೂ ಹಾಗೇ, ಕ್ಲಾಂಪಿನ ಒಳಮೈಗೂ ಹಾಗೇ.

ಆಮೇಲೆ ಕಾರ್ಬನ್ ಪೇಸ್ಟ್. ಟೂತ್‌ಪೇಸ್ಟಿನ ಹಾಗೆ ಇರುತ್ತದೆ, ಬೆರಳ ನಡುವೆ ಉಜ್ಜಿದರೆ ಸಕ್ಕರೆ ಪುಡಿಯ ತರಹ ತರಿತರಿ. ಒಳಗೆ ಸಣ್ಣ ಸಣ್ಣ ಕಣಗಳಿರುತ್ತವೆ. ಬಿಗಿದಾಗ ಆ ಕಣಗಳು ಎರಡೂ ಮೈಗೆ ಕಚ್ಚಿಕೊಳ್ಳುತ್ತವೆ. ಅದರಿಂದ ಕಡಿಮೆ ಬಿಗಿದರೂ ಹಿಡಿತ ಜಾಸ್ತಿ ಸಿಗುತ್ತದೆ. ಪಾರ್ಕ್ ಟೂಲ್, ಫಿನಿಶ್ ಲೈನ್, ಮಕ್-ಆಫ್, ಯಾವುದಾದರೂ ಆದೀತು, ಒಂದು ಸಣ್ಣ ಟ್ಯೂಬ್ ವರ್ಷಗಟ್ಟಲೆ ಬರುತ್ತದೆ. ಫ್ರೇಮಿನ ಒಳಗೆ ಹೋಗುವ ಭಾಗಕ್ಕೆ ತೆಳ್ಳಗೆ ಹಚ್ಚಿ, ನೇರವಾಗಿ ಇಳಿಸಿ. ತಿರುಗಿಸುತ್ತಾ ಇಳಿಸಬೇಡಿ, ಆ ತರಿ ಪೋಸ್ಟಿನ ಸುತ್ತ ಬಳೆ ಹಾಕಿದ ಹಾಗೆ ಗೀರು ಮಾಡುತ್ತದೆ.

ಗ್ರೀಸ್ ಬೇಕಾದ ಜಾಗ ಒಂದಿದೆ, ಕ್ಲಾಂಪಿನ ಬೋಲ್ಟಿನ ಮರೆ (ಸುರುಳಿ ಗೆರೆಗಳು). ಅಲ್ಲಿ ಒಣಗಿದ್ದರೆ ಬೋಲ್ಟ್ ತನ್ನಷ್ಟಕ್ಕೇ ಬಿಗಿಯಾಗುತ್ತದೆ, ಕೈಗೆ 5 ಎನ್‌ಎಂ ಅನ್ನಿಸುತ್ತದೆ, ಪೋಸ್ಟಿಗೆ ಅಷ್ಟು ತಲುಪಿರುವುದಿಲ್ಲ. ಸೂಜಿಮೊನೆಯಷ್ಟು ಸಾಕು, ಪಕ್ಕಕ್ಕೆ ತಾಗದ ಹಾಗೆ.

4 ಎನ್‌ಎಂನಿಂದ ಶುರು ಮಾಡಿ. ಒಂದು ಸವಾರಿ, ಟೇಪು ನೋಡಿ. ಇಳಿದಿದ್ದರೆ ಅರ್ಧ ಎನ್‌ಎಂ ಏರಿಸಿ. 5 ಅಂದರೆ ಅಲ್ಲಿಗೆ ನಿಲ್ಲಿಸಿ.

ಕಡಲ ಗಾಳಿ

ಸ್ಪ್ಯಾನರ್ ಅವರು ಹೇಳಿದ್ದು ಸರಿ, ಒಂದು ಮಾತು ಸೇರಿಸುತ್ತೇನೆ. ಇದು ಪೋಸ್ಟ್ ಅಲ್ಯೂಮಿನಿಯಂ ಆಗಿರುವವರಿಗೆ.

ನಾನು ಮಂಗಳೂರಿನವನು. ನನಗೆ ಆದದ್ದು ಇದಕ್ಕೆ ಉಲ್ಟಾ. ಕಾರ್ಬನ್ ಫ್ರೇಮು, ಅಲ್ಯೂಮಿನಿಯಂ ಪೋಸ್ಟು. ಇಳಿಯುವ ಮಾತೇ ಇಲ್ಲ, ಒಂದೂವರೆ ವರ್ಷ ಕೈ ಹಾಕಲಿಲ್ಲ. ತಮ್ಮನಿಗೆ ಕೊಡೋಣ ಅಂತ ಎತ್ತರ ಮಾಡಲು ಹೋದರೆ ಅಲ್ಲಾಡಲಿಲ್ಲ. ಬೆವರು, ಉಪ್ಪಿನ ಗಾಳಿ, ಮಳೆ. ಕಾರ್ಬನ್ನಿಗೆ ಅಲ್ಯೂಮಿನಿಯಂ ತಾಗಿಕೊಂಡು ನಡುವೆ ಉಪ್ಪುನೀರು ಸೇರಿದರೆ ಅದೊಂದು ಪುಟ್ಟ ಬ್ಯಾಟರಿ ಇದ್ದ ಹಾಗೆ, ಅಲ್ಯೂಮಿನಿಯಂ ಕೊರೆದುಹೋಗಿ ಬಿಳಿ ಪುಡಿಯಾಗಿ ಊದಿಕೊಳ್ಳುತ್ತದೆ. ಪೋಸ್ಟು ಫ್ರೇಮಿಗೆ ಬೆಸುಗೆ ಹಾಕಿದ ಹಾಗೆ ಕೂತುಬಿಡುತ್ತದೆ.

ಬಿಸಿ ಮಾಡಿ ಅಂದರು ಒಬ್ಬರು. ಪುಣ್ಯಕ್ಕೆ ಮಾಡಲಿಲ್ಲ, ಬಿಸಿಯಾದರೆ ಕಾರ್ಬನ್ ಹಿಡಿದಿರುವ ರಾಳ ಹಾಳಾಗುತ್ತದೆ. ಕೊನೆಗೆ ಪೋಸ್ಟಿನ ಒಳಗೆ ಮಂಜುಗಡ್ಡೆ ತುಂಬಿದೆ. ತಣ್ಣಗಾದರೆ ಅಲ್ಯೂಮಿನಿಯಂ ಕುಗ್ಗುತ್ತದೆ, ಕಾರ್ಬನ್ ಹೆಚ್ಚು ಕಡಿಮೆ ಹಾಗೇ ಇರುತ್ತದೆ. ನಾಲ್ಕನೇ ಸಲಕ್ಕೆ "ಕಿರ್ರ್" ಅಂತು. ಆ ಸದ್ದು ಕೇಳಿ ಅಮ್ಮ ಅಡುಗೆಮನೆಯಿಂದ ಓಡಿ ಬಂದರು.

ಈಗ ಮಳೆಗಾಲಕ್ಕೆ ಮೊದಲು ಒಂದು ಸಲ, ಮುಗಿದ ಮೇಲೆ ಒಂದು ಸಲ ತೆಗೆದು ಒರೆಸಿ ಪೇಸ್ಟ್ ಹಚ್ಚಿ ಹಾಕುತ್ತೇನೆ. ಬೆಂಗಳೂರು ಮೈಸೂರಿನವರಿಗೆ ಇಷ್ಟು ಬೇಡವೇನೋ, ಆದರೂ ಬೆವರು ಎಲ್ಲ ಊರಲ್ಲೂ ಉಪ್ಪೇ ಅಲ್ವಾ.

ಬೆಟ್ಟದ ದಾರಿ

ಸ್ಪ್ಯಾನರ್ ಸಾರ್, ತುಂಬಾ ಥ್ಯಾಂಕ್ಸ್. ಪೋಸ್ಟ್ ಈಗಷ್ಟೇ ತೆಗೆದೆ. ನೀವು ಹೇಳಿದ್ದೇ. ಕೆಳಗಿನ ಒಂದು ಗೇಣು ಪೂರ್ತಿ ಕಂದು ಗ್ರೀಸ್, ಅದರ ಮೇಲೆ ರಸ್ತೆ ಮಣ್ಣು ಕೂತು ಕರಿಮಸಿಯಾಗಿದೆ.

ಪೇಸ್ಟ್ ಆರ್ಡರ್ ಮಾಡಿದೆ, ಬರಲು ನಾಲ್ಕು ದಿನ. ಅಲ್ಲಿಯವರೆಗೆ ಮನೆಯಲ್ಲಿರುವುದರಲ್ಲಿ ಏನಾದರೂ ಹಚ್ಚಬಹುದಾ? ಟೂತ್‌ಪೇಸ್ಟ್ ಅಂತ ಎಲ್ಲೋ ನೋಡಿದೆ. ಇನ್ನೊಬ್ಬ ಗೆಳೆಯ ರಂಗೋಲಿ ಪುಡಿ ಕಲಸಿ ಹಚ್ಚು ಅನ್ನುತ್ತಾನೆ. ಪೋಸ್ಟಿಗೆ ಕೂಲ್‌ಡ್ರಿಂಕ್ ಡಬ್ಬಿಯ ತಗಡು ಸುತ್ತಿದರೆ ಅಂತಲೂ ಯೋಚನೆ ಬಂತು.

ಹಳೇ ಸ್ಪ್ಯಾನರ್

ರಂಗೋಲಿ ಬಾಗಿಲಿಗೆ ಇರಲಿ ಮಾರಾಯರೇ. ಅದು ಕಲ್ಲಿನ ಪುಡಿ, ಒಂದು ಕಾಳು ನುಣ್ಣಗೆ, ಇನ್ನೊಂದು ಚೂಪು. ಕಾರ್ಬನ್ನಿಗೆ ಒತ್ತಿದರೆ ಮೇಲಿನ ಪದರ ಕೆರೆಯುತ್ತದೆ. ಟೂತ್‌ಪೇಸ್ಟ್ ಒಣಗಿ ಸುಣ್ಣವಾಗುತ್ತದೆ, ಮಳೆ ಬಂದರೆ ಕರಗುತ್ತದೆ.

ತಗಡು ಬೇಡವೇ ಬೇಡ. ಡಬ್ಬಿಯ ತಗಡು ಸುಮಾರು 0.1 ಮಿ.ಮೀ. ದಪ್ಪ. ಸ್ಟೀಲ್ ಸೈಕಲ್ಲಿಗೆ ಹಳಬರು ಹಾಕುತ್ತಿದ್ದರು, ನಾನೂ ಹಾಕಿದ್ದೇನೆ. ಕಾರ್ಬನ್ನಿಗೆ ಹಾಕಿದರೆ ತಗಡಿನ ಅಂಚು ಇರುವ ಕಡೆಯೇ ಎಲ್ಲ ಒತ್ತಡ ಬೀಳುತ್ತದೆ, ಬ್ಲೇಡ್ ಇಟ್ಟು ಒತ್ತಿದ ಹಾಗೆ. ಮೇಲಾಗಿ ಅದು ಅಲ್ಯೂಮಿನಿಯಂ, ಕಡಲ ಗಾಳಿ ಅವರ ಕಥೆ ಓದಿದಿರಲ್ಲ.

ಸ್ವಚ್ಛ ಮಾಡಿ ಒಣಗಿಸಿ ಏನೂ ಹಚ್ಚದೆ ಹಾಕಿ. ಗ್ರೀಸಿಗಿಂತ ಬರಿ ಮೈ ಎಷ್ಟೋ ವಾಸಿ. ನಾಲ್ಕು ದಿನ ಚಾಮುಂಡಿ ಬೆಟ್ಟ ಎಲ್ಲಿಗೂ ಹೋಗುವುದಿಲ್ಲ.

ಮತ್ತೆ, ಪೋಸ್ಟ್ ಹೊರಗಿರುವಾಗಲೇ ಎರಡು ಕೆಲಸ ಮಾಡಿಬಿಡಿ. ಪೋಸ್ಟ್ ಇಳಿಯುವ ಬಾಯಲ್ಲಿ ಫ್ರೇಮಿಗೆ ಒಂದು ಸೀಳು ಇರುತ್ತದಲ್ಲ, ಅದು ಮುಗಿಯುವ ಜಾಗದಲ್ಲಿ ಸಾಮಾನ್ಯವಾಗಿ ಒಂದು ಪುಟ್ಟ ದುಂಡು ತೂತು ಇರುತ್ತದೆ. ಸೀಳು ಚೂಪಾಗಿ ಮುಗಿದರೆ ಅಲ್ಲಿಂದಲೇ ಬಿರುಕು ಬಿಡುತ್ತದೆ ಅಂತ ದುಂಡಗೆ ಮಾಡಿರುತ್ತಾರೆ. ಟಾರ್ಚ್ ಅಡ್ಡ ಹಿಡಿದು ಅದರ ಸುತ್ತ ನೋಡಿ, ಉಗುರು ಎಳೆದು ನೋಡಿ. ಒಂದು ರೂಪಾಯಿ ನಾಣ್ಯದಿಂದ ಮೆಲ್ಲಗೆ ತಟ್ಟುತ್ತಾ ಬನ್ನಿ. ಎಲ್ಲ ಕಡೆ ಒಂದೇ ಸದ್ದು ಬಂದು ಒಂದು ಕಡೆ ಮಾತ್ರ ಮಂಕಾದರೆ ಅನುಮಾನ ಪಡಿ. ಎರಡನೆಯದು, ಪೋಸ್ಟ್ ಎಷ್ಟು ಒಳಗಿತ್ತು? ಪೋಸ್ಟಿನ ಮೇಲೆ ಕನಿಷ್ಠ ಇಷ್ಟು ಒಳಗಿರಬೇಕು ಅಂತ ಗೆರೆ ಇರುತ್ತದೆ. ಅದರ ಜೊತೆಗೆ ಪೋಸ್ಟಿನ ಕೆಳತುದಿ ಟಾಪ್ ಟ್ಯೂಬ್ (ಫ್ರೇಮಿನ ಮೇಲಿನ ಅಡ್ಡ ಕೊಳವೆ) ಕೂಡುವ ಜಾಗಕ್ಕಿಂತ ಕೆಳಗೆ ಹೋಗಿರಬೇಕು.

ಟಿಟಿ ಹುಚ್ಚ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದು ಏರೋ ಫ್ರೇಮ್ (ಗಾಳಿ ತಡೆ ಕಡಿಮೆ ಮಾಡುವ ಆಕಾರದ್ದು), ಡಿ ಆಕಾರದ ಪೋಸ್ಟ್, ಹೊರಗೆ ಕ್ಲಾಂಪೇ ಇಲ್ಲ, ಟಾಪ್ ಟ್ಯೂಬಿನ ಒಳಗೆ ಬೆಣೆ ಇದೆ. ನನಗೂ ಇಳಿಯುತ್ತದೆ. ಇದೇ ಉಪಾಯ ನಡೆಯುತ್ತದಾ?

ಹಳೇ ಸ್ಪ್ಯಾನರ್

ನಡೆಯುತ್ತದೆ, ಒಂದು ಬದಲಾವಣೆ. ಬೆಣೆ ಬಿಚ್ಚಿ ಬಿಡಿಬಿಡಿ ಮಾಡಿ. ಪೋಸ್ಟಿಗೆ ತಾಗುವ ಮೈಗೆ ಪೇಸ್ಟ್. ಬೆಣೆಯ ತುಂಡುಗಳು ಒಂದರ ಮೇಲೊಂದು ಜಾರುವ ಇಳಿಜಾರಿಗೂ ಬೋಲ್ಟಿಗೂ ಗ್ರೀಸ್. ತುಂಬ ಜನ ಎಲ್ಲ ಕಡೆ ಪೇಸ್ಟ್ ಬಳಿದುಬಿಡುತ್ತಾರೆ. ಆಗ ಬೆಣೆ ಅರ್ಧದಲ್ಲೇ ಸಿಕ್ಕಿಹಾಕಿಕೊಂಡು ಪೋಸ್ಟನ್ನು ಒತ್ತುವುದೇ ಇಲ್ಲ. ಬೆವರು ಇಳಿದು ಬೆಣೆ ಕೊರೆದುಹೋಗಿದ್ದರೆ ಹೊಸದು ತರಿಸಿ. ಟಾರ್ಕ್ ನಿಮ್ಮ ಮ್ಯಾನ್ಯುಯಲ್ ನೋಡಿ, ಬೆಣೆಯದು ಒಂದೊಂದು ಫ್ರೇಮಿಗೆ ಒಂದೊಂದು ತರಹ.

ಬೆಟ್ಟದ ದಾರಿ

ಐದು ದಿನ ಆಯಿತು. ಫಲಿತಾಂಶ ಹೇಳುತ್ತೇನೆ, ಪೂರ್ತಿ ಖುಷಿಯದ್ದಲ್ಲ.

ಒಳಗೆಲ್ಲ ತೊಳೆದೆ. ಮೂರು ಬನಿಯನ್ ಹೋದವು. ಬಿರುಕು ಕಾಣಲಿಲ್ಲ, ನಾಣ್ಯ ತಟ್ಟಿದರೆ ಎಲ್ಲ ಕಡೆ ಒಂದೇ ಸದ್ದು. ಪೋಸ್ಟ್ 11 ಸೆಂ.ಮೀ. ಒಳಗಿದೆ. ಪೇಸ್ಟ್ ಬಂತು, ಹಚ್ಚಿದೆ. ಟಾರ್ಕ್ ರೆಂಚಿಗೆ ಪಕ್ಕದ ಬೀದಿಯ ಕಾರ್ ಗ್ಯಾರೇಜಿಗೆ ಹೋದೆ. ಅವರ ರೆಂಚ್ ಶುರುವಾಗುವುದೇ 20ರಿಂದ! ವಾಪಸ್ ಬಂದೆ. ಕೊನೆಗೆ ಸೈಕಲ್ ಗುಂಪಿನ ಒಬ್ಬರು ಸಣ್ಣದು ಕೊಟ್ಟರು. 4ಕ್ಕೆ ಹಾಕಿದೆ, ಕ್ಲಿಕ್. ಸವಾರಿ. ಹಿಂದಿಗಿಂತ ಕಡಿಮೆ, ಆದರೂ ಇಳಿಯಿತು, 2 ಮಿ.ಮೀ. 4.5, ಮತ್ತೆ ಇಳಿಯಿತು. 5ಕ್ಕೆ ಹಾಕಿ ನಿನ್ನೆ ಬೆಟ್ಟ ಹತ್ತಿದೆ. ಹತ್ತುವಾಗ ಏನೂ ಇಲ್ಲ. ನಂದಿ ವಿಗ್ರಹದ ಹತ್ತಿರ ನಿಲ್ಲಿಸಿ ನೋಡಿದೆ, ಟೇಪು ಗುರುತಿನ ಮೇಲೇ ಇತ್ತು. ಇಳಿಯುವಾಗ ಹಂಪುಗಳ ಮೇಲೆ ಕೂತೇ ಬಂದೆ ಬೇಕಂತಲೇ, ಕೆಳಗೆ ಬಂದು ನೋಡಿದರೆ ಮತ್ತೆ 1 ಮಿ.ಮೀ.

ಅಂದರೆ ಪೋಸ್ಟೇ ಸಣ್ಣದಾ? ವರ್ನಿಯರ್ ಇಟ್ಟು ನೋಡಿದೆ, ಮೂರು ಕಡೆ 27.2, ಒಂದು ಕಡೆ 27.15. ಫ್ರೇಮೇ ಅಗಲವಾಗಿದೆ ಅಂತ ಈಗ ಭಯ.

ಬಿಗಿ ಬೋಲ್ಟ್

ನೋಡಿದ್ರಾ, ನಾನು ಹೇಳಿದ್ದೆ. 7ಕ್ಕೆ ಹಾಕಿ, ನಿಲ್ಲುತ್ತದೆ.

ಗುಮ್ಮಟದೂರು

ಒಂದು ನಿಮಿಷ ತಡೀರಿ.

ನಾವು ವಿಜಯಪುರದ ಕಡೆಯವರು. ನಮ್ಮ ಕಡೆ ಹುಡುಗರು ಸೈಕಲ್ ರೇಸಿನ ಹುಚ್ಚಲ್ಲೇ ಬೆಳೆಯುತ್ತಾರೆ. ಸಾಮಾನು ಹೊಸದಕ್ಕಿಂತ ಕೈ ಬದಲಾದದ್ದೇ ಜಾಸ್ತಿ. ಒಬ್ಬನ ಫ್ರೇಮಿಗೆ ಇನ್ನೊಬ್ಬನ ಕ್ಲಾಂಪು, ಮತ್ತೊಬ್ಬನ ಪೋಸ್ಟು. ಹಾಗಾಗಿ ನಾವು ಮೊದಲು ನೋಡುವುದು ಇವೆಲ್ಲ ಒಂದಕ್ಕೊಂದು ಹುಟ್ಟಿದವಾ ಅಂತ.

ನೀವು "ಕೆಂಪು ಕ್ಲಾಂಪ್" ಅಂದಿರಿ. ಫ್ರೇಮ್ ಯಾವ ಬಣ್ಣ? ಉಳಿದ ಕಡೆ ಎಲ್ಲಾದರೂ ಕೆಂಪು ಇದೆಯಾ? ಹಳೇ ಮಾಲೀಕ ಚಂದಕ್ಕೆ ಹಾಕಿಸಿರಬಹುದು. ಬೋಲ್ಟ್ ಬಿಗಿದ ಮೇಲೆ ಕ್ಲಾಂಪಿನ ಎರಡು ಕಿವಿ, ಅಂದರೆ ಬೋಲ್ಟ್ ಹಾದುಹೋಗುವ ಎರಡು ದಂಡೆ, ನಡುವೆ ಸಂದು ಉಳಿದಿದೆಯಾ? ಒಂದು ಪೋಸ್ಟ್‌ಕಾರ್ಡ್ ತೂರಿಸಿ ನೋಡಿ.

ಬೆಟ್ಟದ ದಾರಿ

ಅಯ್ಯೋ.

ಪೋಸ್ಟ್‌ಕಾರ್ಡ್ ಇರಲಿ, ಹಾಳೆ ಕೂಡ ಹೋಗುತ್ತಿಲ್ಲ. ಎರಡೂ ಕಿವಿ ಒಂದಕ್ಕೊಂದು ಮುಟ್ಟಿಕೊಂಡಿವೆ. ಮುಟ್ಟಿದ ಕಡೆ ಕೆಂಪು ಬಣ್ಣ ಎದ್ದು ಬೆಳ್ಳಗೆ ಹೊಳೆಯುತ್ತಿದೆ. ಇಷ್ಟು ದಿನ ಮೂಗಿನ ಕೆಳಗೇ ಇತ್ತು. ಫ್ರೇಮ್ ಪೂರ್ತಿ ಕಪ್ಪು, ಕ್ಲಾಂಪ್ ಒಂದೇ ಕೆಂಪು.

ಗುಮ್ಮಟದೂರು

ಹಿಡೀತು ನೋಡಿ.

ಈಗ ವರ್ನಿಯರ್ ತಗೊಂಡು ಫ್ರೇಮಿನ ಟ್ಯೂಬಿನ ಹೊರಗಿನ ಅಳತೆ ತೆಗೆಯಿರಿ, ಪೋಸ್ಟಿಂದಲ್ಲ, ಕ್ಲಾಂಪ್ ಕೂರುವ ಜಾಗದ್ದು. ಕ್ಲಾಂಪಿನ ಒಳಗೆ ಅದರ ಸೈಜು ಕೊರೆದಿರುತ್ತದೆ, ಅದನ್ನೂ ಹೇಳಿ. ಬಿಚ್ಚಿದಾಗ ಕ್ಲಾಂಪಿನ ಸೀಳು, ಅಂದರೆ ಕಿವಿಗಳ ನಡುವಿನ ಸಂದು, ಎಷ್ಟಿದೆ ಅದನ್ನೂ.

ಬೆಟ್ಟದ ದಾರಿ

ಫ್ರೇಮ್ ಹೊರಗೆ 34.9. ಕ್ಲಾಂಪಿನ ಒಳಗೆ ಕೊರೆದಿರುವುದು 36.4. ಸೀಳು 5 ಮಿ.ಮೀ.

ಗುಮ್ಮಟದೂರು

ಲೆಕ್ಕ ನೋಡಿ. 36.4ರಲ್ಲಿ 34.9 ಕಳೆದರೆ 1.5. ಅದು ವ್ಯಾಸ. ಸುತ್ತಳತೆಗೆ 3.14ರಿಂದ ಗುಣಿಸಿ, 4.7 ಮಿ.ಮೀ. ಅಂದರೆ ನಿಮ್ಮ ಕ್ಲಾಂಪು ಫ್ರೇಮನ್ನು ಬರಿ ಮುಟ್ಟಬೇಕಾದರೇ 4.7 ಮಿ.ಮೀ. ಮುಚ್ಚಿಕೊಳ್ಳಬೇಕು. ಇರುವ ಸೀಳೇ 5. ಫ್ರೇಮನ್ನು ಅಮುಕಲು ಉಳಿದದ್ದು 0.3 ಮಿ.ಮೀ. ಅಷ್ಟರಲ್ಲಿ ಕಿವಿಗೆ ಕಿವಿ ತಾಗಿತು. ಅಲ್ಲಿಂದ ಮುಂದೆ ನೀವು ಎಷ್ಟು ಬಿಗಿದರೂ ಒಂದು ಕಿವಿ ಇನ್ನೊಂದನ್ನು ತಳ್ಳುತ್ತದೆ, ಅಷ್ಟೇ. ರೆಂಚು ಪಾಪ ಕ್ಲಿಕ್ ಅನ್ನುತ್ತದೆ, ಬೋಲ್ಟಿಗೆ 5 ಎನ್‌ಎಂ ಬಂತು ಅಂತ. ಪೋಸ್ಟಿಗೆ ಬಂತು ಅಂತ ಅದು ಯಾವಾಗ ಹೇಳಿತು?

ಪಂಚೆ ಉಟ್ಟವರಿಗೆ ಗೊತ್ತಿರುತ್ತದೆ. ಬೆಲ್ಟಿನ ಕೊನೆಯ ತೂತಿಗೆ ಹಾಕಿದರೂ ಸೊಂಟಕ್ಕೆ ಸಡಿಲವಾದರೆ, ಬಕಲ್ ಒತ್ತಿ ಏನು ಬಂತು.

34.9ರ ಕ್ಲಾಂಪ್ ತರಿಸಿ. ತುಂಬ ಸಾಮಾನ್ಯ ಸೈಜು, ಎಲ್ಲ ಕಡೆ ಸಿಗುತ್ತದೆ.

ಹಳೇ ಸ್ಪ್ಯಾನರ್

ಗುಮ್ಮಟದೂರು ಅವರಿಗೆ ನನ್ನ ಕಡೆಯಿಂದ ಒಂದು ಮಿರ್ಚಿ ಬಜ್ಜಿ. ಇದನ್ನು ನಾನೇ ಮೊದಲು ಕೇಳಬೇಕಿತ್ತು, ಗ್ರೀಸ್ ಅಂದ ತಕ್ಷಣ ಅಲ್ಲೇ ನಿಂತುಬಿಟ್ಟೆ.

ಬೆಟ್ಟದ ದಾರಿ, ಒಂದು ಮಾತು ಗಮನಿಸಿ. ಇಷ್ಟು ದಿನ ನೀವು ಕೈ ಅಂದಾಜಿನಲ್ಲಿ 8 ಹಾಕಿದ್ದಿರೋ 10 ಹಾಕಿದ್ದಿರೋ, ಫ್ರೇಮ್ ಉಳಿದದ್ದೇ ಆ ತಪ್ಪು ಕ್ಲಾಂಪಿನ ದೆಸೆಯಿಂದ. ಅಷ್ಟೂ ಬಲವನ್ನು ಎರಡು ಕಿವಿಗಳೇ ತಿಂದುಕೊಂಡವು. ಹೊಸ ಕ್ಲಾಂಪ್ ಬಂದ ಮೇಲೆ ಅದೇ ಕೈಯಿಂದ ಅಷ್ಟೇ ಬಿಗಿದರೆ ಪೂರ್ತಿ ಫ್ರೇಮಿನ ಮೇಲೇ ಬೀಳುತ್ತದೆ. ಆದ್ದರಿಂದ ಈಗ ಟಾರ್ಕ್ ಇನ್ನೂ ಮುಖ್ಯ. ಕ್ವಿಕ್ ರಿಲೀಸ್ ಹಿಡಿ ಇರುವ ಕ್ಲಾಂಪ್ ತರಬೇಡಿ, ಅದರಲ್ಲಿ ಎಷ್ಟು ಬಲ ಬೀಳುತ್ತಿದೆ ಅಂತ ಗೊತ್ತೇ ಆಗುವುದಿಲ್ಲ. ಬೋಲ್ಟಿನದೇ ಇರಲಿ.

ಬೆಟ್ಟದ ದಾರಿ

ಕ್ಲಾಂಪ್ ಆರ್ಡರ್ ಆಯಿತು, ಕಪ್ಪು. ಆದರೆ ರೆಂಚ್ ಕೊಟ್ಟವರು ವಾಪಸ್ ಕೇಳಿದರು, ಅವರು 300 ಕಿ.ಮೀ. ಬ್ರೆವೆಗೆ (ಗಡುವಿನೊಳಗೆ ಮುಗಿಸಬೇಕಾದ ದೂರದ ಸವಾರಿ) ಹೋಗುತ್ತಿದ್ದಾರೆ. ಕೊಳ್ಳುವವರೆಗೆ ರೆಂಚ್ ಇಲ್ಲದೆ 5 ಎನ್‌ಎಂ ಅಳೆಯುವ ದಾರಿ ಏನಾದರೂ ಇದೆಯಾ?

ಕಡಲ ಗಾಳಿ

ಇದೆ. ಶಾಲೆಯ ಫಿಸಿಕ್ಸ್ ಸಾಕು.

ನಿಮ್ಮ ಅಲೆನ್ ಕೀಗೆ ಉದ್ದನೆಯ ತೋಳು ಇರಬೇಕು. ಬೋಲ್ಟಿನ ನಡುವಿನಿಂದ ಸರಿಯಾಗಿ 10 ಸೆಂ.ಮೀ. ದೂರದಲ್ಲಿ ತೋಳಿನ ಮೇಲೆ ಗುರುತು ಮಾಡಿ. ಸೂಟ್‌ಕೇಸ್ ತೂಗುವ ಕೊಕ್ಕೆಯ ತಕ್ಕಡಿ ಮನೆಯಲ್ಲಿ ಇದ್ದರೆ ಅದರ ಕೊಕ್ಕೆಯನ್ನು ಆ ಗುರುತಿಗೆ ಸಿಕ್ಕಿಸಿ, ಕೀಗೆ ನೇರ 90 ಡಿಗ್ರಿಯಲ್ಲಿ ಮೆಲ್ಲಗೆ ಎಳೆಯಿರಿ. ತಕ್ಕಡಿ 5 ಕೆ.ಜಿ. ತೋರಿಸಿದಾಗ 4.9 ಎನ್‌ಎಂ ಬಂದಿರುತ್ತದೆ. 4 ಕೆ.ಜಿ. ಅಂದರೆ 3.9. ಓರೆಯಾಗಿ ಎಳೆದರೆ ಲೆಕ್ಕ ತಪ್ಪುತ್ತದೆ. ಜರ್ಕ್ ಕೊಟ್ಟರೂ ತಪ್ಪುತ್ತದೆ.

ತಕ್ಕಡಿ ಇಲ್ಲ ಅಂದರೆ ಸೈಕಲನ್ನು ನೆಟ್ಟಗೆ ನಿಲ್ಲಿಸಿ, ಕೀ ನೆಲಕ್ಕೆ ಸಮನಾಗಿ ಇರುವ ಹಾಗೆ ಮಾಡಿ, ಗುರುತಿಗೆ 4 ಕೆ.ಜಿ. ಅಕ್ಕಿ ಚೀಲ ತೂಗುಹಾಕಿ ನೋಡಿ. ನಾನು ರೆಂಚ್ ಕೊಳ್ಳುವ ಮೊದಲು ಹೀಗೇ ಮಾಡುತ್ತಿದ್ದೆ. ರೆಂಚಿನಷ್ಟು ಕರಾರುವಾಕ್ಕು ಅಲ್ಲ, ಕೈ ಅಂದಾಜಿಗಿಂತ ನೂರು ಪಾಲು ವಾಸಿ.

ಹಳೇ ಸ್ಪ್ಯಾನರ್

ಲೆಕ್ಕ ಸರಿ ಇದೆ. ಆದರೂ ಒಂದು ರೆಂಚ್ ಕೊಳ್ಳಿ. ಕಾರ್ಬನ್ ಸೈಕಲ್ಲಿಗೆ ಇಷ್ಟು ಖರ್ಚು ಮಾಡಿ, ಒಂದು ಜೊತೆ ಒಳ್ಳೆ ಟೈರಿನ ಬೆಲೆಗಿಂತ ಕಡಿಮೆಯ ವಸ್ತುವಿಗೆ ಹಿಂದೇಟು ಯಾಕೆ? ಹ್ಯಾಂಡಲ್, ಸ್ಟೆಮ್ ಎಲ್ಲದಕ್ಕೂ ಬೇಕು. ಬಳಸಿದ ಮೇಲೆ ಕ್ಲಿಕ್ ರೆಂಚನ್ನು ಕೆಳಗಿನ ಅಂಕಿಗೆ ತಿರುಗಿಸಿ ಇಡಿ, ಸ್ಪ್ರಿಂಗ್ ಸುಸ್ತಾಗುವುದಿಲ್ಲ.

ಬೆಟ್ಟದ ದಾರಿ

ಎಂಟು ದಿನದ ನಂತರ ಬರೆಯುತ್ತಿದ್ದೇನೆ, ಬೇಕಂತಲೇ ಕಾದೆ.

ಹೊಸ ಕ್ಲಾಂಪ್ ಮುಂಚಿನದರ ಹಾಗೆ ಲೊಳಕ್ ಅಂತ ಬೀಳಲಿಲ್ಲ, ಫ್ರೇಮಿನ ಮೇಲೆ ಕೈಯಲ್ಲಿ ಒತ್ತಿಯೇ ಕೂರಿಸಬೇಕಾಯಿತು. ಆಗಲೇ ಅರ್ಧ ಧೈರ್ಯ ಬಂತು. ಮರೆಗೆ ಚಿಟಿಕೆ ಗ್ರೀಸ್. ಪೋಸ್ಟ್ ಮತ್ತೆ ಒರೆಸಿ ಹೊಸದಾಗಿ ಪೇಸ್ಟ್. ಸೂಟ್‌ಕೇಸ್ ತಕ್ಕಡಿ ಸಿಗಲಿಲ್ಲ, ಅಕ್ಕಿ ಚೀಲವೇ ಗತಿ. ಮನೆಯ ಹಾಲ್‌ನಲ್ಲಿ ಸೈಕಲ್ ನಿಲ್ಲಿಸಿ ಸೋನಾ ಮಸೂರಿ ತೂಗುಹಾಕಿ ಕೂತಿದ್ದಾಗ ಅತ್ತೆ ಬಂದರು. ಏನೂ ಕೇಳಲಿಲ್ಲ. ಒಳಗೆ ಹೋಗಿ ಮಗಳ ಹತ್ತಿರ ಏನೋ ಹೇಳಿದ್ದು ಕೇಳಿಸಿತು.

4 ಕೆ.ಜಿ.ಗೇ ನಿಲ್ಲಿಸಿದೆ. ಕಿವಿಗಳ ನಡುವೆ ಈಗ ಸಂದಿದೆ, ಪೋಸ್ಟ್‌ಕಾರ್ಡ್ ಎರಡು ಮಡಿಸಿದರೂ ಹೋಗುತ್ತದೆ. ಹೊಸ ಟೇಪು. ನಂಜನಗೂಡಿಗೆ ಎರಡು ಸಲ, ಬೆಟ್ಟಕ್ಕೆ ಮೂರು ಸಲ. ಟೇಪು ಕೂದಲಷ್ಟೂ ಕದಲಿಲ್ಲ. ಕೂತೇ ಹಂಪು ಹಾರಿಸಿದೆ, ಗುಂಡಿಗೂ ಇಳಿಸಿದೆ. 72.5ಕ್ಕೆ 72.5. ಒಂದೇ ಕಡೆ ಕರಕರ ಸದ್ದು ಬರುತ್ತಿತ್ತು, ಅದು ಸ್ಯಾಡಲ್ ಕಂಬಿ ಹಿಡಿಯುವ ಬೋಲ್ಟ್ ಅಂತ ಗೊತ್ತಾಯಿತು, ತೆಗೆದು ಒರೆಸಿ ಹಾಕಿದ ಮೇಲೆ ನಿಂತಿತು.

ಮಂಡಿ ಇನ್ನೂ ಬೆಳಗ್ಗೆ ಒಂದು ಸ್ವಲ್ಪ ಹಿಡಿಯುತ್ತದೆ, ದಿನಾ ಕಡಿಮೆಯಾಗುತ್ತಿದೆ. ಕೆಂಪು ಕ್ಲಾಂಪ್ ಯಾರಿಗಾದರೂ 36.4ರ ಫ್ರೇಮ್ ಇದ್ದರೆ ಹೇಳಿ, ಸುಮ್ನೆ ಕೊಡುತ್ತೇನೆ.

ಗುಮ್ಮಟದೂರು

ಭಾಳ ಖುಷಿ ಆತು. ಕ್ಲಾಂಪ್ ನಮ್ಮ ಕಡೆ ಕಳಿಸಿ, ಇಲ್ಲಿ ಯಾರಿಗಾದರೂ ಆಗುತ್ತದೆ. ಈ ಸಲ ಅಳೆದೇ ಹಾಕುತ್ತೇವೆ.

ಬಿಗಿ ಬೋಲ್ಟ್

ಇಷ್ಟೆಲ್ಲ ಓದಿ ಸುಮ್ಮನಿರಲಾಗದೆ ಈಗ ಹೋಗಿ ನನ್ನದು ನೋಡಿದೆ. ಕಿವಿ ಮುಟ್ಟಿಲ್ಲ, ಸಂದಿದೆ. ಆದರೆ ಫ್ರೇಮಿನ ಸೀಳು ಮುಗಿಯುವ ಆ ದುಂಡು ತೂತಿನಿಂದ ಕೆಳಗೆ ಒಂದು ಗೆರೆ ಕಾಣುತ್ತಿದೆ, ಕೂದಲೆಳೆಯಷ್ಟು, ಒಂದು ಸೆಂ.ಮೀ. ಇರಬಹುದು. ಪೇಂಟ್ ಬಿರಿದಿರೋದಾ? ಉಗುರು ಎಳೆದರೆ ಸ್ವಲ್ಪ ಸಿಗುತ್ತದೆ. ನಾಳೆ ಬೆಳಗ್ಗೆ ನಂದಿ ಬೆಟ್ಟಕ್ಕೆ ಹೊರಡಬೇಕಿತ್ತು.

ಹಳೇ ಸ್ಪ್ಯಾನರ್

ಪೋಸ್ಟ್ ಹೊರಗೆ ತೆಗೆದು ಒಳಗಡೆಯಿಂದಲೂ ಟಾರ್ಚ್ ಹಿಡಿದು ಫೋಟೋ ಹಾಕಿ. ಒಳಗೂ ಅದೇ ಜಾಗದಲ್ಲಿ ಗೆರೆ ಇದ್ದರೆ ಅದು ಪೇಂಟ್ ಅಲ್ಲ. ನಾಳೆ ಗೆಳೆಯರ ಕಾರಲ್ಲಿ ಹೋಗಿ.